ಅಡಗಿದ್ದನ್ನು ಅಡಗಿದಂತೆಯೇ ತೆಗೆಯುವುದು

ಕುಬ್ಜ ಕಡಲಕುದುರೆ (ಪಿಗ್ಮಿ ಸೀಹಾರ್ಸ್) ಎಂಬ ಪುಟ್ಟ ಮೀನಿನ ಹೆಸರುವಾಸಿ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಕಡುಗಪ್ಪು ಹಿನ್ನೆಲೆ, ಅದರ ನಡುವೆ ಬೆಳಕು ಬಿದ್ದ ಗುಲಾಬಿ ಗಂಟುಗಳ ಮೈ, ನಿಖರವಾಗಿ ಮೂಡಿದ ಕಣ್ಣು, ಹವಳದ ಟೊಂಗೆಯೊಂದಕ್ಕೆ ಸುತ್ತಿದ ಬಾಲ. ಇಂತಹ ಚಿತ್ರವನ್ನು ನಾನೂ ತೆಗೆದಿದ್ದೇನೆ, ಧಾರವಾಡದ ಮನೆಯ ಗೋಡೆಗೂ ಹಾಕಿದ್ದೇನೆ. ಆದರೆ ಆ ಪ್ರಾಣಿಯನ್ನು ಸಮುದ್ರದಲ್ಲಿ ಕಣ್ಣಾರೆ ಕಂಡವರಿಗೆಲ್ಲ ಗೊತ್ತಿರುವ ಸಂಗತಿಯೆಂದರೆ, ಅದು ಹಾಗೆ ಎಲ್ಲಿಯೂ ಕಾಣುವುದಿಲ್ಲ. ಕಾಣದಂತೆ ಇರುವುದರಿಂದಲೇ ಅದು ಬದುಕಿದೆ. ಹುಬ್ಬಳ್ಳಿ-ಧಾರವಾಡದ ಛಾಯಾಗ್ರಾಹಕ ಗೆಳೆಯರು ಲೆನ್ಸ್ ಯಾವುದು, ಫ್ಲ್ಯಾಶ್ ಹೇಗೆ, ಖರ್ಚು ಎಷ್ಟು ಎಂದು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಬರಹ. ಖರ್ಚಿನ ವಿಷಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತೇನೆ. ಜೊತೆಗೆ, ಅಡಗಿ ಬದುಕುವ ಜೀವಿಯನ್ನು ಅಡಗಿದಂತೆಯೇ ತೋರಿಸುವ ಚಿತ್ರವೂ ಸಾಧ್ಯವಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ನಿಜವಾದ ಚಿತ್ರ ಎಂಬ ನನ್ನ ಅಭಿಪ್ರಾಯಕ್ಕೆ ಕಾರಣಗಳನ್ನೂ ಕೊಡುತ್ತೇನೆ.

ಮೊದಲು ಪ್ರಾಣಿಯ ವಿಚಾರ. ಕುಬ್ಜ ಕಡಲಕುದುರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪರಿಚಿತವಾದದ್ದು ಹಿಪ್ಪೊಕ್ಯಾಂಪಸ್ ಬಾರ್ಗಿಬಾಂಟಿ. ಅದು 2.4 ಸೆಂಟಿಮೀಟರಿಗಿಂತ ದೊಡ್ಡದಾಗಿ ಬೆಳೆಯುವುದಿಲ್ಲ, ಬಾಲ ಸುತ್ತಿಕೊಂಡು ಕುಳಿತಾಗಲಂತೂ ಕಣ್ಣಿಗೆ ಬೀಳುವ ಭಾಗ ಒಂದು ಶೇಂಗಾಕಾಳಿನಷ್ಟು. ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಪಪುವಾ ನ್ಯೂಗಿನಿ, ನ್ಯೂ ಕ್ಯಾಲೆಡೋನಿಯಾ ಮೊದಲಾದ ಕಡೆಗಳಲ್ಲಿ, ಸುಮಾರು 16ರಿಂದ 40 ಮೀಟರ್ ಆಳದಲ್ಲಿ, ಮ್ಯೂರಿಸೆಲ್ಲ ಎಂಬ ಒಂದೇ ಕುಲದ ಬೀಸಣಿಗೆ ಹವಳಗಳ ಮೇಲೆ ಮಾತ್ರ ಅದರ ವಾಸ. ಬೂದು ಮೈಯ ಮೇಲೆ ಗುಲಾಬಿ ಗಂಟುಗಳಿರುವುದು ಒಂದು ಬಗೆ, ಹಳದಿ ಮೈಯ ಮೇಲೆ ಕಿತ್ತಳೆ ಗಂಟುಗಳಿರುವುದು ಇನ್ನೊಂದು. ಹವಳದ ಬಣ್ಣ ಯಾವುದೋ ಕುದುರೆಯ ಬಣ್ಣವೂ ಅದೇ. ಆ ಗಂಟುಗಳು, ಹವಳವನ್ನು ಕಟ್ಟುವ ಪುಟ್ಟ ಜೀವಿಗಳಾದ, ಬಾಯಿ ಮುಚ್ಚಿದ ಪಾಲಿಪ್‌ಗಳ ಆಕಾರವನ್ನೂ ಗಾತ್ರವನ್ನೂ ಎಷ್ಟು ಚೊಕ್ಕಟವಾಗಿ ಹೋಲುತ್ತವೆಯೆಂದರೆ, ಒಂದು ಗೇಣು ದೂರದಿಂದ ನೇರವಾಗಿ ದಿಟ್ಟಿಸಿದರೂ ಟೊಂಗೆ ಎಲ್ಲಿ ಮುಗಿದು ಪ್ರಾಣಿ ಎಲ್ಲಿ ಆರಂಭವಾಯಿತೆಂಬುದು ತಿಳಿಯುವುದಿಲ್ಲ. ನಮ್ಮ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳ ಕಡಲಕುದುರೆಗಳು ಬೇರೆ ಪ್ರಭೇದದವು, ಗಾತ್ರದಲ್ಲಿಯೂ ಬಹಳ ದೊಡ್ಡವು. ದೊಡ್ಡ ಕಡಲಕುದುರೆಗಳಲ್ಲಿ ಗಂಡಿನ ಮರಿಚೀಲ ಬಾಲದ ಮೇಲಿದ್ದರೆ ಈ ಕುಬ್ಜಗಳಲ್ಲಿ ಅದು ಹೊಟ್ಟೆಯ ಭಾಗದಲ್ಲಿದೆ. ಕಿವಿರಿನ ರಂಧ್ರವೂ ಎರಡಲ್ಲ, ತಲೆಯ ಹಿಂಭಾಗದಲ್ಲಿ ಒಂದೇ.

ಈ ಪ್ರಾಣಿ ವಿಜ್ಞಾನಕ್ಕೆ ಪರಿಚಯವಾದ ಬಗೆಯನ್ನು ಕೇಳಿದರೆ ಅದರ ಅಡಗುವಿಕೆ ಎಂಥದೆಂಬುದು ಅರ್ಥವಾಗುತ್ತದೆ. 1969ರಲ್ಲಿ ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ಜಾರ್ಜ್ ಬಾರ್ಗಿಬಾಂಟ್ ಎಂಬುವರು ಅಲ್ಲಿನ ಮತ್ಸ್ಯಾಲಯಕ್ಕೆಂದು ಬೀಸಣಿಗೆ ಹವಳಗಳನ್ನು ಸಂಗ್ರಹಿಸುತ್ತಿದ್ದರು. ಹವಳವನ್ನು ನೀರಿನಿಂದ ತೆಗೆದು ಮೇಜಿನ ಮೇಲಿಟ್ಟು ಪರೀಕ್ಷಿಸುವಾಗಲೇ ಅದರ ಮೇಲೆ ಕಡಲಕುದುರೆಗಳಿರುವುದು ಅವರ ಗಮನಕ್ಕೆ ಬಂದದ್ದು. ಮರುವರ್ಷ ಆಸ್ಟ್ರೇಲಿಯಾದ ಗಿಲ್ಬರ್ಟ್ ವಿಟ್ಲಿ ಅದಕ್ಕೆ ಬಾರ್ಗಿಬಾಂಟರ ಹೆಸರನ್ನೇ ಇಟ್ಟರು. ಮುಂದಿನ ಕುಬ್ಜ ಪ್ರಭೇದಗಳಲ್ಲಿ ಹಲವನ್ನು ಮೊದಲು ಕಂಡವರು ಪ್ರಯೋಗಾಲಯದವರಲ್ಲ, ನೀರಿಗಿಳಿಯುವವರು. 2003ರಲ್ಲಿ ವಿವರಿಸಲಾದ ಡೆನಿಸೆ ಪ್ರಭೇದಕ್ಕೆ ನೀರೊಳಗಿನ ಛಾಯಾಗ್ರಾಹಕಿ ಡೆನಿಸ್ ಟ್ಯಾಕೆಟ್ ಅವರ ಹೆಸರಿದೆ. 2008ರ ಪೊಂಟೊಹಿ ಮತ್ತು ಸಟೋಮಿಯೆ ಪ್ರಭೇದಗಳ ಹೆಸರುಗಳು ಹೆನ್ಸೆ ಪೊಂಟೊ ಮತ್ತು ಸಟೋಮಿ ಒನಿಶಿ ಎಂಬ ಇಬ್ಬರು ಡೈವ್ ಮಾರ್ಗದರ್ಶಕರಿಂದ ಬಂದವು. ದಕ್ಷಿಣ ಆಫ್ರಿಕಾದ ಸೋಡ್ವಾನಾ ಕೊಲ್ಲಿಯ ನಾಲು ಎಂಬ ಪ್ರಭೇದ ಬೆಳಕಿಗೆ ಬಂದದ್ದು ಡೈವಿಂಗ್ ಕಲಿಸುವವರೊಬ್ಬರು ಕಂಡು ತೆಗೆದ ಚಿತ್ರಗಳಿಂದ, ಅದರ ವೈಜ್ಞಾನಿಕ ವಿವರಣೆ ಪ್ರಕಟವಾದದ್ದು 2020ರಲ್ಲಿ. ಕ್ಯಾಮೆರಾ ಹಿಡಿದವರು ವಿಜ್ಞಾನಕ್ಕೆ ಇಷ್ಟು ನೇರವಾಗಿ ನೆರವಾದ ಉದಾಹರಣೆಗಳು ಮೀನುಗಳ ಲೋಕದಲ್ಲಿ ವಿರಳವೆಂದೇ ನನ್ನ ತಿಳುವಳಿಕೆ.

ಮರಿಗಳು ಹುಟ್ಟುವಾಗ ಈ ಬಣ್ಣ, ಈ ಗಂಟುಗಳು ಯಾವುವೂ ಇರುವುದಿಲ್ಲ. ಮಂಕು ಬಣ್ಣದ ನುಣುಪು ಮೈಯ ಮರಿಗಳು ಕೆಲಕಾಲ ನೀರಿನಲ್ಲಿ ತೇಲಿ, ತಕ್ಕ ಹವಳ ಸಿಕ್ಕರೆ ಅದನ್ನು ಹಿಡಿದು, ಆಮೇಲೆ ಅದರಂತಾಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯ ಜೀವಶಾಸ್ತ್ರಜ್ಞರು 2014ರಲ್ಲಿ ಇವುಗಳನ್ನು ಮತ್ಸ್ಯಾಲಯದಲ್ಲಿ ಬೆಳೆಸಿದಾಗ, ಕಿತ್ತಳೆ ಬಣ್ಣದ ತಂದೆತಾಯಿಗಳ ಮರಿಗಳು ನೇರಳೆ ಹವಳದ ಮೇಲೆ ನೇರಳೆಯಾಗಿಯೇ ಬೆಳೆದವು. ಅಂದರೆ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ನೆಲೆಸಿದ ಜಾಗದಿಂದ ಬಂದದ್ದು. ಒಮ್ಮೆ ನೆಲೆಸಿದ ಕುದುರೆ ಸಾಮಾನ್ಯವಾಗಿ ಆ ಹವಳವನ್ನು ಬಿಟ್ಟು ಹೋಗುವುದಿಲ್ಲ. ಒಂದೇ ಬೀಸಣಿಗೆಯ ಮೇಲೆ 28 ಜೋಡಿಗಳಿದ್ದ ದಾಖಲೆಯೂ ಇದೆ. ಹೀಗಿರುವಾಗ ಹವಳವನ್ನು ಕತ್ತಲೆಗೆ ತಳ್ಳಿ ಕುದುರೆಯನ್ನಷ್ಟೇ ಬೆಳಗಿಸಿದ ಚಿತ್ರ, ಎಷ್ಟೇ ಸೊಗಸಾಗಿದ್ದರೂ, ಅರ್ಧ ವಿಷಯವನ್ನು ಬಿಟ್ಟ ಚಿತ್ರವೇ.

ಸಮುದ್ರವಿಲ್ಲದ ಧಾರವಾಡದಲ್ಲಿ ಕುಳಿತು ಇದಕ್ಕೆಲ್ಲ ತಯಾರಿ ಮಾಡಿಕೊಳ್ಳುವುದು ಹೇಗೆಂದು ಹಲವರು ಕೇಳಿದ್ದಾರೆ. ಡೈವಿಂಗ್ ಕಲಿಯಲು ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಬೇಕು, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಮಳೆಗಾಲದಲ್ಲಿ ಅದೂ ಇಲ್ಲ. ಆದರೆ ಕಣ್ಣಿನ ತಯಾರಿಗೆ ಸಮುದ್ರ ಬೇಕಾಗಿಲ್ಲ. ಮುಂಗಾರಿನ ಕೊನೆಯ ವಾರಗಳಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಹಳೆಯ ಮರಗಳ ಕಾಂಡಗಳನ್ನು ನಿಧಾನವಾಗಿ ನೋಡುತ್ತ ಹೋದರೆ, ತೊಗಟೆಯ ಬಣ್ಣದ ಸೂರ್ಯನ ಕುದುರೆಗಳು ಮೈಯನ್ನು ಕಾಂಡಕ್ಕೆ ಚಪ್ಪಟೆಯಾಗಿ ಒತ್ತಿಕೊಂಡು ಕುಳಿತಿರುತ್ತವೆ. ಗದಗದ ಕಪ್ಪತಗುಡ್ಡದ ಕುರುಚಲು ಗಿಡಗಳಲ್ಲಿ ಕಡ್ಡಿಕೀಟಗಳು, ಕೆಂಪು ಮಣ್ಣಿನ ಬಣ್ಣದ ಮಿಡತೆಗಳು ಸಿಗುತ್ತವೆ. ಅಲ್ಲಿ ನಾನು ಕಲಿತದ್ದು, ಹುಳುವನ್ನು ಹುಡುಕಬಾರದು ಎಂಬುದನ್ನು. ಹುಳುವಿನ ಆಕಾರವನ್ನು ಮನಸ್ಸಿನಲ್ಲಿಟ್ಟು ಹುಡುಕಿದರೆ ಅದು ಸಿಗುವುದಿಲ್ಲ, ಏಕೆಂದರೆ ಆ ಆಕಾರವನ್ನು ಒಡೆದು ಹಾಕಲೆಂದೇ ಅದರ ಮೈ ರೂಪುಗೊಂಡಿದೆ. ಬದಲಿಗೆ ತೊಗಟೆಯನ್ನೇ ನೋಡಬೇಕು, ಅದರ ಬಿರುಕುಗಳ ಲಯವನ್ನು ಹಿಡಿಯಬೇಕು. ಆಗ ಎಲ್ಲೋ ಒಂದು ಕಡೆ ಎಡಬಲಗಳು ತೀರ ಸಮನಾಗಿರುವ ತುಣುಕು, ಇಲ್ಲವೆ ನೆರಳು ಬೀಳಬಾರದ ಕಡೆ ಬಿದ್ದ ಒಂದು ಗೆರೆ ಕಣ್ಣಿಗೆ ತಡೆಯುತ್ತದೆ. ಬೀಸಣಿಗೆ ಹವಳದಲ್ಲಿಯೂ ಇದೇ ಕ್ರಮ. ಟೊಂಗೆಗಳು ಕವಲೊಡೆಯುವ ಕ್ರಮವನ್ನು ಗಮನಿಸುತ್ತಿದ್ದರೆ ಒಂದೆಡೆ ಟೊಂಗೆ ಕಾರಣವಿಲ್ಲದೆ ದಪ್ಪವಾಗಿರುತ್ತದೆ. ಅದು ಹೊಟ್ಟೆ. ಅದರ ಮೇಲೆ ಕಪ್ಪು ಚುಕ್ಕೆಯೊಂದು ಇದ್ದರೆ ಅದು ಕಣ್ಣು.

ನಾನು ಹೋದದ್ದು ಇಂಡೋನೇಷ್ಯಾದ ಉತ್ತರ ಸುಲವೇಸಿಯ ಲೆಂಬೆ ಜಲಸಂಧಿಗೆ. ಮನಾಡೊ ನಗರದಿಂದ ರಸ್ತೆಯಲ್ಲಿ ಬಿಟುಂಗ್ ಬಂದರಿಗೆ, ಅಲ್ಲಿಂದ ದೋಣಿ. ಪ್ರಯಾಣದ ವಿವರ ಇಷ್ಟು ಸಾಕು. ನೀರಿನೊಳಗಿನ ಸಮಯದ ಲೆಕ್ಕವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಮರದ ಮುಂದೆ ಒಂದು ಗಂಟೆ ಕಾದು ಕೂರುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಡೈವಿಂಗ್ ತರಬೇತಿಯ ಪಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ ದಿನದ ಮೊದಲ ಡೈವ್‌ನಲ್ಲಿ 18 ಮೀಟರ್ ಆಳದಲ್ಲಿ 56 ನಿಮಿಷ ಇರಬಹುದು, 25 ಮೀಟರಿನಲ್ಲಿ 29 ನಿಮಿಷ, 30 ಮೀಟರಿನಲ್ಲಿ 20 ನಿಮಿಷ ಮಾತ್ರ. ಅದನ್ನು ಮೀರಿದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಮೇಲೇರುವ ದಾರಿಯಲ್ಲಿ ತಡೆದು ನಿಲ್ಲಬೇಕಾಗುತ್ತದೆ, ಮನರಂಜನೆಯ ಡೈವರ್‌ಗಳು ಆ ಗಡಿಯನ್ನು ದಾಟಬಾರದು. ಇಳಿದು, ಬಂಡೆಯ ಗೋಡೆಯ ಪಕ್ಕದಲ್ಲಿ ಸಾಗಿ, ಹವಳವನ್ನು ತಲುಪುವಷ್ಟರಲ್ಲಿ ಅದರ ಒಂದು ಪಾಲು ಕಳೆದಿರುತ್ತದೆ. ಇನ್ನೊಂದು ತೊಡಕು ಪ್ರವಾಹದ್ದು. ಬೀಸಣಿಗೆ ಹವಳಗಳು ನೀರಿನ ಹರಿವಿಗೆ ಅಡ್ಡಲಾಗಿ ಬೆಳೆದು ಅದು ಹೊತ್ತು ತರುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ, ಆದ್ದರಿಂದ ಹವಳ ಚೆನ್ನಾಗಿ ಬೆಳೆದಿರುವ ಕಡೆ ಹರಿವು ಇದ್ದೇ ಇರುತ್ತದೆ. ಹವಳ ತೂಗುತ್ತದೆ, ಕುದುರೆ ತೂಗುತ್ತದೆ, ಕ್ಯಾಮೆರಾ ಹಿಡಿದವನೂ ತೂಗುತ್ತಾನೆ. ಹವಳವನ್ನೋ ಬಂಡೆಯನ್ನೋ ಹಿಡಿದು ನಿಲ್ಲುವಂತಿಲ್ಲ. ಆದ್ದರಿಂದ ಲೆನ್ಸ್‌ಗೆ ಹಣ ಹಾಕುವ ಮೊದಲು ಉಸಿರಾಟದಿಂದಲೇ ಒಂದೇ ಮಟ್ಟದಲ್ಲಿ ತೇಲಿ ನಿಲ್ಲುವುದನ್ನು ಕಲಿಯಿರಿ ಎಂಬುದು ನನ್ನ ಮೊದಲ ಸಲಹೆ. ಅದು ಬಾರದವರು ಬೀಸಣಿಗೆ ಹವಳದ ಹತ್ತಿರ ಹೋಗಲೇಬಾರದು.

ಬೆಳಕಿನ ವಿಷಯ ಇದಕ್ಕಿಂತ ಸ್ವಾರಸ್ಯಕರ. ನೀರು ಕೆಂಪು ಬೆಳಕನ್ನು ಬೇಗ ಹೀರಿಬಿಡುತ್ತದೆ, ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಅದರ ಬಹುಪಾಲು ಹೋಗಿರುತ್ತದೆ. ಇಪ್ಪತ್ತೈದು ಮೀಟರಿನಲ್ಲಿ ಟಾರ್ಚ್ ಇಲ್ಲದೆ ನೋಡಿದರೆ ಆ ಗುಲಾಬಿ ಹವಳವೂ ಗುಲಾಬಿ ಕುದುರೆಯೂ ಮಬ್ಬು ನೀಲಿ-ಬೂದು ಬಣ್ಣದಲ್ಲಿರುತ್ತವೆ. ನಾವು ಮೆಚ್ಚುವ ಗುಲಾಬಿ ನಮ್ಮ ಫ್ಲ್ಯಾಶ್ ತಂದದ್ದು. ಕುದುರೆಯನ್ನು ಬೇಟೆಯಾಡಬಹುದಾದ ಮೀನಿಗೆ ಎದುರಾಗುವುದು ಆ ಬೂದು, ಅದರಲ್ಲಿ ಮಿಕ್ಕುಳಿಯುವುದು ಗಂಟುಗಳ ಜೋಡಣೆ ಮತ್ತು ನೆರಳು ಮಾತ್ರ. ಅಡಗುವಿಕೆಯ ಮುಖ್ಯ ಗುಟ್ಟು ಬಣ್ಣಕ್ಕಿಂತ ಮೈಯ ಉಬ್ಬುತಗ್ಗಿನಲ್ಲಿದೆ ಎಂದು ನಾನು ತಿಳಿಯುವುದು ಇದರಿಂದಲೇ.

ಇನ್ನು ಗೆಳೆಯರು ಕೇಳಿದ ಲೆನ್ಸ್. ಪೂರ್ಣ ಚೌಕಟ್ಟಿನ ಸೆನ್ಸರ್ ಇರುವ ಕ್ಯಾಮೆರಾಕ್ಕೆ 100 ಎಂಎಂ ಮ್ಯಾಕ್ರೋ ಲೆನ್ಸ್ ಹಾಕಿ ನೈಜ ಗಾತ್ರದಲ್ಲಿ, ಅಂದರೆ ಸೆನ್ಸರ್ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ ಬೀಳುವಂತೆ ತೆಗೆದರೆ, 36 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಎರಡು ಸೆಂಟಿಮೀಟರಿನ ಕುದುರೆ ಅರ್ಧಕ್ಕಿಂತ ಹೆಚ್ಚನ್ನು ತುಂಬುತ್ತದೆ. ಆಗ ಲೆನ್ಸಿನ ರಂಧ್ರವನ್ನು ಎಫ್ 16ರಷ್ಟು ಚಿಕ್ಕದು ಮಾಡಿದರೂ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಎರಡು ಮಿಲಿಮೀಟರಿನಷ್ಟೇ. ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು, ಹೊಟ್ಟೆ ಸ್ಪಷ್ಟವಾದರೆ ಕಣ್ಣು ಮಸುಕು. ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಾಗ ಮಾತ್ರ ಎರಡೂ ಒಂದೇ ಪದರಕ್ಕೆ ಬರುತ್ತವೆ. ಆಟೋಫೋಕಸ್ ಹವಳದ ಟೊಂಗೆಗಳ ನಡುವೆ ಮುಂದೆ ಹಿಂದೆ ಓಡಾಡಿ ಸೋಲುತ್ತದೆ. ಆದ್ದರಿಂದ ಫೋಕಸನ್ನು ಒಂದು ದೂರಕ್ಕೆ ಕಟ್ಟಿಹಾಕಿ, ದೇಹವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ, ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಗುಂಡಿ ಒತ್ತುವುದು ಮೇಲು. ಕಪ್ಪು ಹಿನ್ನೆಲೆಗೆ ವಿಶೇಷ ವಿದ್ಯೆಯೇನೂ ಬೇಕಿಲ್ಲ. ಹಿಂದೆ ಖಾಲಿ ನೀರಿರುವಂತೆ ಕೋನ ಹಿಡಿದು, ರಂಧ್ರ ಚಿಕ್ಕದು ಮಾಡಿ, ಷಟರ್ ವೇಗ ಹೆಚ್ಚಿಸಿದರೆ ಸುತ್ತಲಿನ ಬೆಳಕು ದಾಖಲಾಗದೆ ಕತ್ತಲೆಯಾಗುತ್ತದೆ. ಸ್ಟ್ರೋಬ್‌ಗೆ (ನೀರೊಳಗೆ ಬಳಸುವ ಫ್ಲ್ಯಾಶ್ ದೀಪಕ್ಕೆ) ಕೊಳವೆಯಾಕಾರದ ಸ್ನೂಟ್ ಹಾಕಿದರೆ ಕುದುರೆಯಷ್ಟೇ ಬೆಳಗುತ್ತದೆ. ಫಲಿತಾಂಶ ಖಚಿತ, ಮೆಚ್ಚುಗೆಯೂ ಖಚಿತ.

ಅಡಗಿದಂತೆ ತೆಗೆಯುವುದಕ್ಕೆ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ನೈಜ ಗಾತ್ರದ ಕಾಲು ಭಾಗಕ್ಕೆ ಇಳಿದರೆ ಚೌಕಟ್ಟಿನಲ್ಲಿ ಸುಮಾರು ಹದಿನಾಲ್ಕು ಸೆಂಟಿಮೀಟರ್ ಅಗಲದ ಹವಳ ಬರುತ್ತದೆ, ಕುದುರೆ ಅದರ ಏಳನೆಯ ಒಂದು ಭಾಗ. ಸ್ಪಷ್ಟ ಪದರದ ದಪ್ಪ ಎರಡು ಮಿಲಿಮೀಟರಿನಿಂದ ಎರಡು ಸೆಂಟಿಮೀಟರಿನ ಆಸುಪಾಸಿಗೆ ಹಿಗ್ಗುತ್ತದೆ. ಬೀಸಣಿಗೆ ಬಹುಮಟ್ಟಿಗೆ ಚಪ್ಪಟೆಯಾದ್ದರಿಂದ ಸೆನ್ಸರನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದರೆ ಟೊಂಗೆ, ಪಾಲಿಪ್, ಕುದುರೆ ಮೂರೂ ಒಂದೇ ಸಮನೆ ಸ್ಪಷ್ಟವಾಗುತ್ತವೆ. ಇಲ್ಲಿ ಸ್ನೂಟ್ ಉಪಯೋಗಕ್ಕೆ ಬಾರದು, ಎರಡು ಸ್ಟ್ರೋಬ್‌ಗಳನ್ನು ಎರಡು ಬದಿಗೆ ದೂರವಾಗಿ ಚಾಚಿ ಹವಳದ ಮೇಲೆಲ್ಲ ಒಂದೇ ಹದದ ಬೆಳಕು ಬೀಳುವಂತೆ ಮಾಡಬೇಕು. ಒಂದು ಕಡೆಯ ಬೆಳಕು ಜಾಸ್ತಿಯಾದರೆ ಕುದುರೆಯ ನೆರಳು ಅದನ್ನು ತೋರಿಸಿಕೊಟ್ಟುಬಿಡುತ್ತದೆ. ತೊಂದರೆಯೆಂದರೆ, 100 ಎಂಎಂ ಲೆನ್ಸ್‌ನಲ್ಲಿ ಈ ಅಳತೆಗೆ ಅರ್ಧ ಮೀಟರಿನಷ್ಟು ಹಿಂದೆ ಸರಿಯಬೇಕು. ನಡುವಿನ ಅಷ್ಟೂ ನೀರಿನಲ್ಲಿ ತೇಲುವ ಕಣಗಳು ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕೆಗಳಾಗುತ್ತವೆ. 60 ಎಂಎಂ ಲೆನ್ಸ್ ಆದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರ ಸಾಕು. ನೀರಿನೊಳಗೆ ಲೆನ್ಸ್ ಬದಲಿಸಲು ಬರುವುದಿಲ್ಲವಾದ್ದರಿಂದ ಯಾವ ಚಿತ್ರ ಬೇಕೆಂಬುದನ್ನು ದೋಣಿಯಲ್ಲಿಯೇ ತೀರ್ಮಾನಿಸಬೇಕು. ಕಪ್ಪು ಹಿನ್ನೆಲೆಯ ಚಿತ್ರ ಸಿಕ್ಕ ಮರುದಿನ ನಾನು 60 ಎಂಎಂ ಹಾಕಿಕೊಂಡು ಇಳಿದೆ.

ಹಾಗೆ ಸಿಕ್ಕ ಅಗಲವಾದ ಚಿತ್ರವನ್ನು ಧಾರವಾಡದ ಗೆಳೆಯರ ಕೂಟವೊಂದರಲ್ಲಿ ಪರದೆಯ ಮೇಲೆ ತೋರಿಸಿದಾಗ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, “ಸರ, ಚಿತ್ರ ಛಲೋ ಐತ್ರೀ, ಆದ್ರ ಇದರಾಗ ಕುದುರಿ ಎಲ್ಲೈತ್ರೀ?” ಎಂದರು. ಕೆಲವರು ಎದ್ದು ಪರದೆಯ ಹತ್ತಿರ ಬಂದು ಬೆರಳಿಟ್ಟು ಹುಡುಕತೊಡಗಿದರು. ಕಪ್ಪು ಹಿನ್ನೆಲೆಯ ಚಿತ್ರಕ್ಕೆ ಅದೇ ಸಂಜೆ ಚಪ್ಪಾಳೆ ಬಿದ್ದಿತ್ತು, ಆದರೆ ಅದರ ಮುಂದೆ ಯಾರೂ ಎದ್ದು ಬಂದಿರಲಿಲ್ಲ. ನನಗೆ ಬೇಕಾದದ್ದು ಆ ಹುಡುಕಾಟ. ಸ್ಪರ್ಧೆಗಳಲ್ಲಿ ಇಂತಹ ಚಿತ್ರಕ್ಕೆ ಬಹುಮಾನ ಬರುವುದಿಲ್ಲ ಎಂದು ಹಿರಿಯ ಛಾಯಾಗ್ರಾಹಕರೊಬ್ಬರು ಎಚ್ಚರಿಸಿದರು, ಅವರ ಮಾತು ಬಹುಶಃ ಸರಿ. ಎರಡು ಸೆಕೆಂಡಿನಲ್ಲಿ ತೀರ್ಪು ಕೊಡುವವರಿಗೆ ಹುಡುಕಲು ಪುರಸೊತ್ತು ಎಲ್ಲಿಂದ ಬರಬೇಕು?

ಪ್ರಾಣಿಗೆ ಆಗುವ ಕಿರುಕುಳದ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಕುಬ್ಜ ಕಡಲಕುದುರೆಗೆ ರೆಪ್ಪೆಗಳಿಲ್ಲ. ಬಲವಾದ ಬೆಳಕು ಬಿದ್ದರೆ ಅದು ಮುಖ ತಿರುಗಿಸಿ ಬೆನ್ನು ತೋರಿಸುತ್ತದೆ, ಆಗ ಅದನ್ನು ಬಯಸಿದ ಕಡೆಗೆ ತಿರುಗಿಸಲು ಕೆಲವು ಮಾರ್ಗದರ್ಶಕರು ಲೋಹದ ಕಡ್ಡಿಯಿಂದ ಟೊಂಗೆಯನ್ನು ಮುಟ್ಟುತ್ತಾರೆ. ನನ್ನ ಎದುರಿಗೇ ಒಬ್ಬರು, ಗಿರಾಕಿ ಸಂತೋಷಪಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ, ಹಾಗೆ ಮಾಡಲು ಹೊರಟಾಗ ಕೈಸನ್ನೆಯಿಂದ ತಡೆಯಬೇಕಾಯಿತು. 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಮಾರ್ಟನ್ ಡಿ ಬ್ರಾವರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದದ್ದು. ಕಡಲಕುದುರೆಗಳೂ ಸೇರಿದಂತೆ ತಳದಲ್ಲಿ ಬದುಕುವ ಮೀನುಗಳ ಮೇಲೆ ಫ್ಲ್ಯಾಶ್‌ನ ಪರಿಣಾಮವನ್ನು ಪರೀಕ್ಷಿಸಿದಾಗ, ಡೈವರ್ ಸುಮ್ಮನೆ ಎದುರಿಗಿರುವುದಕ್ಕಿಂತ ಹೆಚ್ಚಿನ ತೊಂದರೆ ಫ್ಲ್ಯಾಶ್‌ನಿಂದ ಕಂಡುಬರಲಿಲ್ಲ. ಎಲ್ಲಕ್ಕಿಂತ ತೀವ್ರವಾದ ಪ್ರತಿಕ್ರಿಯೆ ಬಂದದ್ದು ಮುಟ್ಟಿ ಸರಿಸಿದಾಗ. ಇದನ್ನು ಫ್ಲ್ಯಾಶ್‌ಗೆ ಸಿಕ್ಕ ಪರವಾನಗಿ ಎಂದು ಓದುವವರಿದ್ದಾರೆ, ನಾನು ಹಾಗೆ ಓದುವುದಿಲ್ಲ. ನಾವು ಎದುರಿಗಿರುವುದೇ ಒಂದು ಹೊರೆ ಎಂದಾದ ಮೇಲೆ ಬೇಗ ಮುಗಿಸಿ ಹೊರಡುವುದೇ ಸರಿ. ಕೆಲವು ಡೈವ್ ಕೇಂದ್ರಗಳು ಒಂದು ಕುದುರೆಗೆ ಒಬ್ಬರಿಂದ ಐದಾರು ಚಿತ್ರಗಳೆಂದು ಮಿತಿ ಹಾಕುತ್ತವೆ. ಮಿತಿ ಇಲ್ಲದ ಕಡೆಯೂ ಅದನ್ನು ಪಾಲಿಸುವುದು ಕಷ್ಟವಲ್ಲ, ಬೆಳಕನ್ನು ಮೊದಲೇ ಬೇರೊಂದು ಟೊಂಗೆಯ ಮೇಲೆ ಹೊಂದಿಸಿಕೊಂಡರೆ ಕುದುರೆಯ ಮುಂದೆ ಪ್ರಯೋಗಗಳ ಅಗತ್ಯವೇ ಬೀಳುವುದಿಲ್ಲ. ಹುಡುಕಲು ಮಂದವಾದ ಕೆಂಪು ಟಾರ್ಚ್ ಸಾಕು.

ಅಡಗಿದಂತೆ ತೆಗೆಯುವ ಪದ್ಧತಿಯ ಒಂದು ಅನುಕೂಲ ಇಲ್ಲಿಯೂ ಇದೆ. ದೂರದಿಂದ ತೆಗೆಯುವಾಗ ಕುದುರೆಯ ಮುಖ ನಮ್ಮ ಕಡೆಗೇ ಇರಬೇಕೆಂಬ ಹಟ ಉಳಿಯುವುದಿಲ್ಲ. ಬೆನ್ನು ತೋರಿಸಿದ್ದರೂ ಚಿತ್ರಕ್ಕೆ ಕೊರತೆಯಿಲ್ಲ, ಕಡ್ಡಿಯ ಮಾತೂ ಬರುವುದಿಲ್ಲ.

ಭಾರತದಲ್ಲಿ ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದು, ಮಾರುವುದು, ಒಣಗಿದ್ದನ್ನು ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕಡಲತೀರದ ಅಂಗಡಿಯಲ್ಲಿ ಒಣಗಿದ ಕುದುರೆಯನ್ನು ಕಂಡು ಹತ್ತಿರದಿಂದ ಚಿತ್ರ ತೆಗೆಯಲೆಂದು ಕೊಂಡು ತಂದೆ ಎಂದು ಒಬ್ಬರು ನನಗೆ ಹೇಳಿದ್ದುಂಟು, ಅಂಥವರ ಗಮನಕ್ಕೆ ಇದು.

ಕಾಡಿನ ಹುಳುವಾಗಲಿ ಕಡಲ ಕುದುರೆಯಾಗಲಿ, ತೆಗೆದ ಚಿತ್ರ ದಾಖಲೆಯಾಗಿ ಉಪಯೋಗಕ್ಕೆ ಬರುವುದಾದರೆ ಬರಲಿ ಎಂಬುದು ನನ್ನ ನಿಲುವು. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಯುಸಿಎನ್ ತಯಾರಿಸುವ ಕೆಂಪು ಪಟ್ಟಿಯಲ್ಲಿ ಬಾರ್ಗಿಬಾಂಟಿ ಮತ್ತು ಡೆನಿಸೆ ಎರಡೂ ‘ಮಾಹಿತಿ ಸಾಲದು’ ಎಂಬ ವರ್ಗದಲ್ಲಿವೆ. ಅವು ಎಷ್ಟಿವೆ, ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂದು ಹೇಳುವಷ್ಟು ದಾಖಲೆಗಳಿಲ್ಲ ಎಂದು ಅದರ ಅರ್ಥ. ಅಮಾಂಡಾ ವಿನ್ಸೆಂಟ್ ಮತ್ತು ಹೆದರ್ ಕೋಲ್ಡ್‌ವೀ 1996ರಲ್ಲಿ ಸ್ಥಾಪಿಸಿದ ಪ್ರಾಜೆಕ್ಟ್ ಸೀಹಾರ್ಸ್ ಸಂಸ್ಥೆಯು 2013ರಿಂದ ಐಸೀಹಾರ್ಸ್ ಎಂಬ ಯೋಜನೆಯ ಮೂಲಕ ಯಾರೇ ಕಂಡ ಕಡಲಕುದುರೆಯ ಚಿತ್ರ ಮತ್ತು ವಿವರಗಳನ್ನು ಸ್ವೀಕರಿಸುತ್ತದೆ. ಅಲ್ಲಿಗೆ ಕಳಿಸುವಾಗ ಎರಡು ಚಿತ್ರಗಳ ವ್ಯತ್ಯಾಸ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಕಪ್ಪು ಹಿನ್ನೆಲೆಯ ಚಿತ್ರದಲ್ಲಿ ಪ್ರಭೇದವನ್ನು ಗುರುತಿಸಬಹುದು, ಅಷ್ಟೇ. ಅಗಲವಾದ ಚಿತ್ರದಲ್ಲಿ ಹವಳ ಯಾವುದು, ಅದರ ಪಾಲಿಪ್‌ಗಳು ತೆರೆದಿದ್ದವೇ ಮುಚ್ಚಿದ್ದವೇ, ಟೊಂಗೆಗಳು ಆರೋಗ್ಯವಾಗಿವೆಯೇ, ಹತ್ತಿರದಲ್ಲಿ ಇನ್ನೊಂದು ಕುದುರೆ ಇದೆಯೇ ಎಂಬುದೆಲ್ಲ ಇದೆ. ಮನೆಯಲ್ಲಿ ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ನೋಡುವಾಗ ಬಲಗಡೆಯ ಅಂಚಿನಲ್ಲಿ ಎರಡನೆಯದೊಂದು ಕುಳಿತಿರುವುದು ಕಂಡಿತು, ಚಿತ್ರ ತೆಗೆಯುವಾಗ ಅದು ನನಗೂ ಮಾರ್ಗದರ್ಶಕರಿಗೂ ಕಂಡಿರಲಿಲ್ಲ. ಆಳ, ತಿಂಗಳು, ಹವಳದ ಬಣ್ಣ, ಎರಡು ಪ್ರಾಣಿಗಳು ಎಂದು ಬರೆದು ಆ ಚಿತ್ರವನ್ನೇ ಮೊದಲನೆಯದಾಗಿ ಸೇರಿಸಿದೆ. ಹವಳವಿರುವ ಬಂಡೆಯ ಗುರುತನ್ನು ಮಾತ್ರ ಇಲ್ಲಿ ಕೊಡುತ್ತಿಲ್ಲ, ಯಾರೂ ಕೇಳಬಾರದೆಂದು ಕೋರಿಕೆ.